ಮೋಡದ ಕಾಡಿನ ಕಲ್ಲುಕೋಟೆ

ಪೆರು ಎಂದೊಡನೆ ಮಾಚು ಪಿಚು ನೆನಪಾಗುತ್ತದೆ. ಆದರೆ ಅದೇ ದೇಶದ ಉತ್ತರದ ಆಂಡೀಸ್ ಬೆಟ್ಟಗಳಲ್ಲಿ, ಇಂಕಾಗಳು ಬರುವ ಮೊದಲೇ ಚಚಪೋಯ ಜನ ಕೋಟೆ ಕಟ್ಟಿದ್ದರು. ಅವರ ನೆಲೆಗಳನ್ನು ನೋಡಲು ಮೂರು ದಿನಗಳಾದರೂ ಬೇಕು.

ಮೊದಲ ದಿನ ಕುಯೆಲಾಪ್. ಸುಮಾರು 3,000 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿ ಕೆಲವೆಡೆ 20 ಮೀಟರ್ ಏರಿದ ಕಲ್ಲುಗೋಡೆ. ಒಳಗೆ 400ಕ್ಕೂ ಹೆಚ್ಚು ದುಂಡು ಮನೆಗಳ ಅವಶೇಷ. ಸುತ್ತ ಮಂಜು. ಅಮೆಜಾನ್ ಕಡೆಯ ತೇವಗಾಳಿ ಬೆಟ್ಟವೇರುತ್ತ ತಣಿದು ಮೋಡವಾಗುತ್ತದೆ. ಮಳೆ ಬಾರದ ದಿನವೂ ಎಲೆ, ಪಾಚಿಗಳು ಮೋಡದ ಹನಿಗಳನ್ನು ಹಿಡಿದು ನೆಲಕ್ಕಿಳಿಸುತ್ತವೆ.

ಮರುದಿನ ಗೋಕ್ಟಾ. ಇಲ್ಲಿ ನೀರು ಎರಡು ಹಂತಗಳಲ್ಲಿ 771 ಮೀಟರ್ ಧುಮುಕುತ್ತದೆ.

ಮೂರನೆಯ ದಿನ ಲೇಮೆಬಾಂಬಾ ವಸ್ತುಸಂಗ್ರಹಾಲಯ. ಕಾಂಡೋರ್ ಸರೋವರದ ಬಂಡೆಗಳಿಂದ 1997ರಲ್ಲಿ ತಂದ 200ಕ್ಕೂ ಹೆಚ್ಚು ಮಮ್ಮಿಗಳು ಇಲ್ಲಿವೆ. ಇಷ್ಟು ತೇವದಲ್ಲಿ ಅವು ಉಳಿದದ್ದು ಹೇಗೆ? ಚಾಚಿದ ಬಂಡೆ ಕೊಡೆಯಾಗಿತ್ತು; ನೀರು ತಾಗದ ಜಾಗದಲ್ಲೇ ಅವನ್ನು ಇಟ್ಟಿದ್ದರು.

ಕೋಟೆಗೆ ಅಂಥ ಕೊಡೆಯಿಲ್ಲ. 2022ರ ಏಪ್ರಿಲ್‌ನಲ್ಲಿ ಭಾರಿ ಮಳೆಗೆ ಕುಯೆಲಾಪ್ ಗೋಡೆಯ ಒಂದು ಭಾಗ ಕುಸಿಯಿತು. ಕಾಡನ್ನು ಸಾಕುವ ನೀರೇ ಕೋಟೆಯನ್ನು ಕೆಡವಬಲ್ಲದು. ಬಿದ್ದ ಕಲ್ಲನ್ನು ಮತ್ತೆ ಜೋಡಿಸಿದರೆ ಸಾಲದು. ಗೋಡೆಯೊಳಗೆ ಇಳಿದ ನೀರು ಹರಿದುಹೋಗಲು ದಾರಿಯೂ ಇರಬೇಕು.