ಮೂರು ರಾಯರ ಹಬ್ಬ ಮತ್ತು ಹೆಬ್ಬಾಳದ ಕೆರೆ



ಜನವರಿಯ ಮೂರು ರಾಯರ ಹಬ್ಬದಂದು ನಾವು ಪೂರ್ವದಿಕ್ಕಿನಿಂದ ಬಂದ ಜ್ಯೋತಿಷಿಗಳನ್ನು ನೆನೆಯುತ್ತೇವೆ. ಮೂವರೆಂದು ಸಂತ ಮತ್ತಾಯನು ಎಲ್ಲಿಯೂ ಬರೆದಿಲ್ಲ. ಕಾಣಿಕೆಗಳು ಮೂರಿದ್ದುದರಿಂದ ಹಾಗೆ ಎಣಿಸಿಕೊಂಡವರು ನಾವು! ಶುಭಸಂದೇಶದಲ್ಲಿ ಇನ್ನೊಂದು ಸಂಗತಿಯಿದೆ. ಲೋಕೋದ್ಧಾರಕ ಹುಟ್ಟುವುದು ಎಲ್ಲಿ ಎಂದು ಹೆರೋದನು ಕೇಳಿದಾಗ ಧರ್ಮಶಾಸ್ತ್ರಜ್ಞರು ತಡವರಿಸದೆ ಬೆತ್ಲೆಹೇಮ್ ಎಂದರು. ಉತ್ತರ ಸರಿಯಾಗಿತ್ತು. ಆದರೆ ಎದ್ದು ಹೊರಟವರು ಆ ಪರದೇಶಿಗಳು ಮಾತ್ರ.

ನಮ್ಮ ಶಾಲೆಗಳ ಪಾಠವೂ ಹೀಗೇ ಆಗುತ್ತಿದೆಯೇ? ಎಲ್ಲ ಶಾಲೆಗಳಲ್ಲೂ ಪರಿಸರದ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. ಆರ್.ಟಿ. ನಗರದ ಮಗು ಇಂದು ಅಮೆಜಾನ್ ಕಾಡಿನ ಬಗ್ಗೆ ಪಟಪಟನೆ ಒಪ್ಪಿಸುತ್ತದೆ. ಪಕ್ಕದ ಹೆಬ್ಬಾಳ ಕೆರೆಯನ್ನು ಮಾತ್ರ ಮೇಲ್ಸೇತುವೆಯ ಮೇಲಿಂದ, ಬಸ್ಸಿನ ಕಿಟಕಿಯಲ್ಲಿ ಕಂಡಿರುತ್ತದೆ, ಅಷ್ಟೆ.

ಕೆಂಪೇಗೌಡರ ಕಾಲದ, 1537ರ ಕೆರೆಯದು. ಈ ಹಬ್ಬದ ಹೊತ್ತಿಗೆ ಸೂಜಿಯಂಥ ಬಾಲದ, ಸಲಿಕೆಯಂಥ ಕೊಕ್ಕಿನ ಬಾತುಗಳು ಮಧ್ಯ ಏಷ್ಯಾ, ಸೈಬೀರಿಯದ ಕಡೆಯಿಂದ ಅಲ್ಲಿಗೆ ಬರುತ್ತವೆ. ಅವುಗಳ ಹಾದಿ ಸುಮಾರು 30 ದೇಶಗಳ ಮೇಲೆ ಹಾಯುತ್ತದೆ. ಅಲ್ಲಿ ನೀರು ಹೆಪ್ಪುಗಟ್ಟಿದರೆ ಮೇವಿಲ್ಲ. ಇಲ್ಲಿ ಕೆರೆ ಕೆಟ್ಟರೆ ಹಿಂದಿರುಗಲು ಮೈಯಲ್ಲಿ ಕಸುವಿಲ್ಲ. ಕೆರೆಯ ಕೋಡಿ ನೀರಾದರೋ ನಾಗವಾರ ದಾಟಿ, ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡಿನ ಕಡಲೂರಿನ ಬಳಿ ಸಮುದ್ರಕ್ಕಿಳಿಯುತ್ತದೆ. ನಮ್ಮ ಬಚ್ಚಲಿನ ಸೋಪಿನ ನೊರೆ ಯಾರ ಗದ್ದೆಗೆ ಹೋಗುತ್ತದೆಂದು ಮಕ್ಕಳು ಭೂಪಟದಲ್ಲಿ ಬೆರಳಿಟ್ಟು ನೋಡಲಿ. ಪ್ರಪಂಚದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಪುಟ ನಮಗೆ ತಿಳಿಯದು.

ಕೆರೆಯ ಸುತ್ತ ಎದ್ದಿರುವ ಬಹುಮಹಡಿಗಳನ್ನು ಕಟ್ಟಿದವರು ರಾಯಚೂರು, ಕಲಬುರಗಿ, ಬಿಹಾರ, ಒಡಿಶಾಗಳಿಂದ ಬಂದವರು. ಅವರ ಮಕ್ಕಳು ನಮ್ಮ ಬೆಂಚುಗಳಲ್ಲೇ ಕುಳಿತಿದ್ದಾರೆ. ಹಾರಿಬಂದ ಹಕ್ಕಿಯನ್ನು ದುರ್ಬೀನು ಹಿಡಿದು ಮೆಚ್ಚುವ ನಾವು, ರೈಲಿನಲ್ಲಿ ಬಂದ ಮಗುವಿನ ಮಾತಿನ ಧಾಟಿಗೆ ನಗುತ್ತೇವೆ. ಬಾಲಯೇಸುವನ್ನು ಎತ್ತಿಕೊಂಡು ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಈಜಿಪ್ಟಿಗೆ ಓಡಿದ್ದು ಜ್ಯೋತಿಷಿಗಳು ಮರಳಿದ ಬೆನ್ನಿಗೇ ಎಂಬುದನ್ನು ಮರೆತೆವೇ? ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೋ ಸಿ' ಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಕೇಳಬೇಕೆಂದರು.

ಈ ಹಬ್ಬದ ಪೂಜೆ ಮುಗಿದ ಮೇಲೆ ಜ್ಞಾನೋಪದೇಶದ ಮಕ್ಕಳನ್ನು ಕೆರೆಯ ಏರಿಗೆ ಕರೆದೊಯ್ಯೋಣ. ನೆರೆಯ ಶೆಡ್ಡುಗಳ ಮಕ್ಕಳೂ ಜೊತೆಗಿರಲಿ. ಆ ಬಾತುಕೋಳಿಗೆ ನಿಮ್ಮೂರಿನಲ್ಲಿ ಏನೆನ್ನುತ್ತಾರೆ ಎಂದು ಮೊದಲು ಅವರನ್ನೇ ಕೇಳೋಣ.