ಸಿಎಫ್‌ಟಿ ಲೆಕ್ಕವೂ ಮೊಬೈಲ್‌ನಲ್ಲೇ, 60ರ ನಂತರದ ಲೆಕ್ಕವೂ ಮೊಬೈಲ್‌ನಲ್ಲೇ: ಸ್ವಂತ ಶೀಟ್ ಎಲ್ಲಿ ಕೈಕೊಡುತ್ತೆ?

ಹೊಸಪೇಟೆ: ಟಿಂಬರ್ ಡಿಪೊ, ಸಾಮಿಲ್‌ಗಳ ಗಲ್ಲಾದಲ್ಲಿ ಹಿಂದೆ ರೆಡಿ ರೆಕನರ್ ಪುಸ್ತಕ ಇರುತ್ತಿತ್ತು. ಉದ್ದ, ಅಗಲ, ದಪ್ಪ ಹೇಳಿದರೆ ಪುಟ ತಿರುವಿ ಇಷ್ಟು ಸಿಎಫ್‌ಟಿ ಅಂತ ಹೇಳೋರು. ಆ ಕೆಲಸವನ್ನು ಈಗ ಮೊಬೈಲ್‌ನಲ್ಲಿರುವ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಮಾಡುತ್ತೆ. ಒಮ್ಮೆ ಸೂತ್ರ ಬರೆದಿಟ್ಟರೆ ಸಾಕು. ಅದೇ ಶೀಟಿನ ಇನ್ನೊಂದು ಪುಟದಲ್ಲಿ, 60 ದಾಟಿದ ಮೇಲೆ ಮನೆ ನಡೆಸೋಕೆ ಎಷ್ಟು ಬೇಕು ಅನ್ನೋ ಲೆಕ್ಕವನ್ನೂ ಹಾಕಬಹುದು. ಪಿಎಫ್ ಇಲ್ಲದ ಬಡಗಿ, ಕಿರಾಣಿ ಅಂಗಡಿಯವರಿಗೆ ಇದು ಸಣ್ಣ ವಿಷಯವಲ್ಲ.

ತೊಂದರೆ ಒಂದೇ. ಸೂತ್ರ ತಪ್ಪಿದ್ದರೂ ಉತ್ತರ ಮಾತ್ರ ಪೈಸೆ ಸಮೇತ ಅಚ್ಚುಕಟ್ಟಾಗಿ ಬರುತ್ತೆ.

ಮರದ ಲೆಕ್ಕ

ಕೊಯ್ದ ಮರದ ಸೂತ್ರ ಎಲ್ಲರಿಗೂ ಗೊತ್ತಿದ್ದದ್ದೇ: ಉದ್ದ ಫೂಟಿನಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಬೇಕು. ಹೊಸ್ತಿಲು ಸೇರಿದ ಒಂದು ಬಾಗಿಲ ಚೌಕಟ್ಟಿಗೆ 7 ಫೂಟಿನ ಎರಡು, ಮೂರೂವರೆ ಫೂಟಿನ ಎರಡು ತುಂಡು ಬೇಕು ಅಂದುಕೊಳ್ಳಿ. ಒಟ್ಟು 21 ಫೂಟು. 5×3 ಇಂಚಿನ ಮರವಾದರೆ 2.19 ಸಿಎಫ್‌ಟಿ. ಹೊಸದಾಗಿ ಶೀಟ್ ಮಾಡಿದವರು ಮೊದಲು ಈ ಅಳತೆ ಹಾಕಿ ನೋಡಲಿ. 2.19 ಬರಲಿಲ್ಲ ಅಂದ್ರೆ ಸೂತ್ರದಲ್ಲೇ ಏನೋ ಎಡವಟ್ಟಾಗಿದೆ.

ಸೂತ್ರ ಸರಿ ಇದ್ದರೂ ಅಳತೆ ತುಂಬುವಾಗ ಲೆಕ್ಕ ಕೆಡುತ್ತೆ. 7 ಫೂಟು 10 ಇಂಚನ್ನು ಚೀಟಿಯಲ್ಲಿ 7.10 ಅಂತ ಬರೆಯೋದು ರೂಢಿ. ಅದನ್ನೇ ಶೀಟಿಗೆ ಹಾಕಿದರೆ ಅದು 7.1 ಫೂಟು ಅಂತ ಓದಿಕೊಳ್ಳುತ್ತೆ. ನಿಜವಾದ ಉದ್ದ 7.83 ಫೂಟು. 5×3ರ ಹತ್ತು ತುಂಡಿಗೆ ಮುಕ್ಕಾಲು ಸಿಎಫ್‌ಟಿಗಿಂತ ತುಸು ಹೆಚ್ಚೇ ಕಡಿಮೆ ಬೀಳುತ್ತೆ. ಸಿಎಫ್‌ಟಿಗೆ 3,000 ರೂಪಾಯಿ ಅಂದುಕೊಂಡರೂ ಸುಮಾರು 2,300 ರೂಪಾಯಿ ಹೋಯ್ತು, ಅದೂ ಎಸ್ಟಿಮೇಟ್ ಕೊಟ್ಟ ಬಡಗಿಯ ಜೇಬಿನಿಂದ. ಫೂಟಿಗೆ ಒಂದು ಕಾಲಂ, ಇಂಚಿಗೆ ಇನ್ನೊಂದು ಕಾಲಂ ಇಟ್ಟು, ಇಂಚನ್ನು 12ರಿಂದ ಭಾಗಿಸಿ ಫೂಟಿಗೆ ಕೂಡಿಸುವಂತೆ ಸೂತ್ರ ಬರೆದರೆ ಈ ಗೊಂದಲ ಇರಲ್ಲ.

ದುಂಡು ದಿಮ್ಮಿಯದು ಬೇರೆಯೇ ಕಥೆ. ಮರದ ವ್ಯಾಪಾರದಲ್ಲಿ ಸುತ್ತಳತೆಯ ಕಾಲು ಭಾಗ ಹಿಡಿದು ಲೆಕ್ಕ ಹಾಕುವ ಹಳೇ ಪದ್ಧತಿ ಇದೆ. ಎಡ್ವರ್ಡ್ ಹೋಪಸ್ ಎಂಬಾತ 1736ರಲ್ಲಿ ಇಂಗ್ಲೆಂಡಿನಲ್ಲಿ ಇದರ ಕೋಷ್ಟಕ ಪ್ರಕಟಿಸಿದ್ದ. 48 ಇಂಚು ಸುತ್ತಳತೆ, 10 ಫೂಟು ಉದ್ದದ ದಿಮ್ಮಿ ತಗೊಳ್ಳಿ. ಕಾಲು ಭಾಗ 12 ಇಂಚು; 12×12×10÷144 ಅಂದ್ರೆ ಸರಿಯಾಗಿ 10 ಸಿಎಫ್‌ಟಿ. ಶಾಲೆಯಲ್ಲಿ ಕಲಿತ ಪೈ ಸೂತ್ರ ಹಾಕಿದರೆ 12.73 ಬರುತ್ತೆ. ಎರಡರಲ್ಲಿ ಯಾವುದೂ ಮೋಸವಲ್ಲ. ದುಂಡು ಮರ ಕೊಯ್ದಾಗ ಅಂಚು, ಸಿಪ್ಪೆ, ಹೊಟ್ಟು ಹೋಗೋದನ್ನು ಕಾಲು ಸುತ್ತಳತೆಯ ಪದ್ಧತಿ ಮೊದಲೇ ಕಳೆದಿರುತ್ತೆ. ಡಿಪೊದವರು ಒಂದು ಪದ್ಧತಿಯಲ್ಲಿ ದರ ಹೇಳಿ, ಗಿರಾಕಿಯ ಶೀಟ್ ಇನ್ನೊಂದರಲ್ಲಿದ್ದರೆ ಜಗಳ ಗ್ಯಾರಂಟಿ. ದರ ಕೇಳುವ ಮೊದಲು ಅಳತೆ ಯಾವುದು ಅಂತ ಕೇಳಬೇಕು.

ಪ್ಲೈವುಡ್‌ನಲ್ಲಿ ಬ್ಲೇಡಿನ ದಪ್ಪ ಮರೆತುಹೋಗುತ್ತೆ. 8 ಫೂಟಿನ ಶೀಟ್ ಅಂದ್ರೆ 2,440 ಮಿ.ಮೀ. ಒಂದೊಂದು ಫೂಟಿನ ಎಂಟು ಹಲಗೆ ಬರುತ್ತೆ ಅಂತ ಮೊಬೈಲ್ ಹೇಳುತ್ತೆ. 3 ಮಿ.ಮೀ. ಬ್ಲೇಡಿನಲ್ಲಿ ಏಳು ಸಲ ಕೊಯ್ದರೆ 21 ಮಿ.ಮೀ. ಪುಡಿಯಾಗಿ ಹೋಗುತ್ತೆ, ಎಂಟನೇ ಹಲಗೆ ಸುಮಾರು 19 ಮಿ.ಮೀ. ಗಿಡ್ಡವಾಗುತ್ತೆ.

60ರ ನಂತರದ ಲೆಕ್ಕ

ಮರದಲ್ಲಿ ತಪ್ಪಾದರೆ ವಾರದಲ್ಲಿ ಗೊತ್ತಾಗುತ್ತೆ. ಇಲ್ಲಿ ಗೊತ್ತಾಗೋದು 20 ವರ್ಷದ ಮೇಲೆ.

ಕಂಪ್ಲಿಯಲ್ಲಿ 40 ವರ್ಷದ ಅಂಗಡಿಯವರೊಬ್ಬರು ತಿಂಗಳಿಗೆ 3,000 ರೂಪಾಯಿ ಕಟ್ಟುತ್ತಾರೆ ಅಂದುಕೊಳ್ಳಿ. ಶೀಟಿನ ‘ಎಫ್‌ವಿ’ ಸೂತ್ರಕ್ಕೆ ಶೇ 7 ಬಡ್ಡಿ, 240 ತಿಂಗಳು ಕೊಟ್ಟರೆ ಸುಮಾರು 15.6 ಲಕ್ಷ ತೋರಿಸುತ್ತೆ. ಕಟ್ಟಿದ್ದು 7.2 ಲಕ್ಷ, ಸಿಕ್ಕಿದ್ದು ಎರಡು ಪಟ್ಟಿಗಿಂತ ಜಾಸ್ತಿ! ಬಹಳ ಜನ ಇಲ್ಲಿಗೇ ಮೊಬೈಲ್ ಮುಚ್ಚಿಡುತ್ತಾರೆ.

ಬೆಲೆ ಏರಿಕೆಯ ಸಾಲು ಇಲ್ಲದ ಶೀಟ್ ಅರ್ಧ ಶೀಟ್ ಅಷ್ಟೇ. ವರ್ಷಕ್ಕೆ ಶೇ 6 ಏರಿಕೆ ಹಿಡಿದರೆ, ಇವತ್ತು 15,000ದಲ್ಲಿ ನಡೆಯುವ ಮನೆಗೆ 20 ವರ್ಷದ ಮೇಲೆ ತಿಂಗಳಿಗೆ 48,000 ಬೇಕು. ಆ 15.6 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರೆ, 2023ರ ಏಪ್ರಿಲ್‌ನಲ್ಲಿ ಶೇ 8.2ಕ್ಕೆ ಏರಿದ ಬಡ್ಡಿಯೇ ಆಗಲೂ ಇದ್ದರೆ, ತಿಂಗಳಿಗೆ ಸರಾಸರಿ 10,700 ರೂಪಾಯಿ ಬರುತ್ತೆ. ಬೇಕಾಗಿರೋದು ಅದರ ನಾಲ್ಕೂವರೆ ಪಟ್ಟು.

ಅಟಲ್ ಪಿಂಚಣಿ ಯೋಜನೆಗೂ ಇದೇ ಮಾತು ಅನ್ವಯಿಸುತ್ತೆ. 40ನೇ ವಯಸ್ಸಿನಲ್ಲಿ ಸೇರಿದವರು ತಿಂಗಳಿಗೆ 1,454 ರೂಪಾಯಿ ಕಟ್ಟಿದರೆ 60ರಿಂದ 5,000 ಪಿಂಚಣಿ. ಶೇ 6ರ ಏರಿಕೆಯಲ್ಲಿ ಆ 5,000ಕ್ಕೆ ಇವತ್ತಿನ ಲೆಕ್ಕದಲ್ಲಿ 1,560 ರೂಪಾಯಿ ಬೆಲೆ. ಹಾಗಂತ ಸೇರಬಾರದು ಅಂತಲ್ಲ, ಅದೊಂದನ್ನೇ ನಂಬಿ ಕೂರಬಾರದು. 40 ದಾಟಿದವರಿಗೆ ಈ ಯೋಜನೆ ಇಲ್ಲ. 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕಟ್ಟುವವರಿಗೂ ಇಲ್ಲ.

ಹಾಗಾದರೆ ದಾರಿ? ಶೀಟಿನಲ್ಲಿ ಕಂತನ್ನು ಪ್ರತಿವರ್ಷ ಶೇ 10 ಏರಿಸಿ ನೋಡಿ. 3,000ದಿಂದಲೇ ಶುರುವಾದರೂ 20 ವರ್ಷಕ್ಕೆ ಸುಮಾರು 36 ಲಕ್ಷ ಆಗುತ್ತೆ. ಆದರೆ ಕೊನೇ ವರ್ಷದ ಕಂತು 18,000 ದಾಟಿರುತ್ತೆ. ಅಷ್ಟು ಮಾಡಿದರೂ ಬಡ್ಡಿಯಿಂದ ಬರೋದು ತಿಂಗಳಿಗೆ 24,600 ಆಸುಪಾಸು, ಬೇಕಾದ್ದರಲ್ಲಿ ಅರ್ಧ. ಉಳಿದದ್ದಕ್ಕೆ ಅಂಗಡಿ ಬಾಡಿಗೆಯೋ, ಹೊಲವೋ, ಮಕ್ಕಳ ಆಸರೆಯೋ ಬೇಕಾಗುತ್ತೆ. ಅದನ್ನು 60ರಲ್ಲಿ ತಿಳಿಯೋದಕ್ಕಿಂತ 40ರಲ್ಲಿ ತಿಳಿಯೋದು ವಾಸಿ.

ನಮ್ಮ ಭಾಗದ ಆದಾಯಕ್ಕೆ ತಕ್ಕ ಶೀಟ್

ರೆಡಿಮೇಡ್ ಕ್ಯಾಲ್ಕುಲೇಟರ್‌ಗಳು ತಿಂಗಳ ಸಂಬಳದವರಿಗೆ ಮಾಡಿದವು. ಹಂಪಿಯಲ್ಲಿ ವ್ಯಾಪಾರ ಅಂದ್ರೆ ಚಳಿಗಾಲದ ಸೀಸನ್. ಕಂಪ್ಲಿಯಲ್ಲಿ ಭತ್ತದ ದುಡ್ಡು ಕೈಗೆ ಬಂದ ಮೇಲೆ ಉದ್ರಿ ತೀರುತ್ತೆ. ಸಂಡೂರಿನವರಿಗೆ 2011ರ ಜುಲೈ ನೆನಪಿರಬೇಕು. ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ನಂಬಿದವರ ಆದಾಯವೂ ನಿಂತಿತ್ತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಭಾಗ ಬೆಳೆಯ ಚಿಂತೆಗೆ ಬಿದ್ದಿತ್ತು. ಹಾಗಾಗಿ ಒಂದೇ ಸೂತ್ರದ ಬದಲು ವರ್ಷಕ್ಕೊಂದು ಸಾಲು ಇಟ್ಟು, ಕಟ್ಟಲಾಗದ ವರ್ಷಕ್ಕೆ ಸೊನ್ನೆ ಹಾಕಿ ನೋಡಬೇಕು. ಮೇಲಿನ 3,000ದ ಲೆಕ್ಕದಲ್ಲಿ 3 ಮತ್ತು 4ನೇ ವರ್ಷ ತಪ್ಪಿದರೆ ಬಿಟ್ಟ ಕಂತು 72,000. ಕೊನೆಗೆ ಕಡಿಮೆಯಾಗೋದು 2.35 ಲಕ್ಷ.

ಸೀಸನ್ ಆದಾಯದವರಿಗೆ ಪಿಪಿಎಫ್ ಅನುಕೂಲ. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ, ಕೈಯಲ್ಲಿ ದುಡ್ಡಿದ್ದಾಗ ಕಟ್ಟಬಹುದು, ಪ್ರತಿ ತಿಂಗಳೂ ಕಟ್ಟಲೇಬೇಕು ಅಂತಿಲ್ಲ. ಅವಧಿ 15 ವರ್ಷ. ಬಡಗಿಗಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲೂ ನೋಂದಾಯಿಸಬಹುದು, 60 ತುಂಬಿದ ಅರ್ಹ ಸದಸ್ಯರಿಗೆ ಅಲ್ಲಿಂದ ಪಿಂಚಣಿ ಇದೆ. ಹೊಸಪೇಟೆ, ಹಂಪಿಯವರು ವಿಜಯನಗರ ಜಿಲ್ಲೆಯ, ಸಂಡೂರು, ಕಂಪ್ಲಿಯವರು ಬಳ್ಳಾರಿ ಜಿಲ್ಲೆಯ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಬೇಕು.