ನಿಮಗಿದು ಗೊತ್ತೆ? ಮದುವೆಗೆ ಮುಂಚಿನ ನಿದ್ದೆ

ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು. ಮದುವೆ ಮನೆಯಲ್ಲಿ ಮೊದಲು ಕತ್ತರಿ ಬೀಳುವುದೇ ಇದಕ್ಕೆ: ಚಪ್ಪರ, ಅರಿಶಿನ ಶಾಸ್ತ್ರ, ನಡುರಾತ್ರಿ ದಾಟುವ ಮೆಹಂದಿ. ಮುಹೂರ್ತ ಮುಂಜಾನೆಯಿದ್ದರಂತೂ ಮದುಮಗಳು ಅಲಂಕಾರಕ್ಕೆ ಕೋಳಿ ಕೂಗುವ ಮೊದಲೇ ಏಳಬೇಕು.

2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, 14 ರಾತ್ರಿ 6 ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರ ಗಮನಶಕ್ತಿ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿಯಿತು. ಹೆಚ್ಚು ಕಳವಳದ ಸಂಗತಿಯೆಂದರೆ, ತಾವು ಅಷ್ಟು ಮಂಕಾಗಿದ್ದೇವೆಂದು ಅವರಿಗೇ ಅನ್ನಿಸಿರಲಿಲ್ಲ. ಸ್ವೀಡನ್‌ನ 2010ರ ಅಧ್ಯಯನದಲ್ಲಿ 31 ಗಂಟೆ ಎಚ್ಚರವಿದ್ದವರ ಫೋಟೊಗಳು ನೋಡುಗರಿಗೆ ಕಳೆಗುಂದಿ ಕಂಡವು. ಚೆನ್ನಾಗಿ ಮಲಗೆದ್ದಾಗ ತೆಗೆದ ಅದೇ ಮುಖಗಳು ಹೆಚ್ಚು ಆರೋಗ್ಯಕರವಾಗಿ, ಆಕರ್ಷಕವಾಗಿ ತೋರಿದವು.

ನಿದ್ದೆಯನ್ನು ಒಂದಿಷ್ಟು ಮುಂಗಡವಾಗಿ ಕೂಡಿಡಬಹುದು ಎಂಬುದು ನಿಜಕ್ಕೂ ಉಪಯುಕ್ತ ಮಾಹಿತಿ. 2009ರ ಪ್ರಯೋಗದಲ್ಲಿ ಒಂದು ವಾರ ದಿನಕ್ಕೆ 10 ಗಂಟೆ ಹಾಸಿಗೆಯಲ್ಲಿ ಕಳೆದವರು, ಮುಂದಿನ ವಾರ ಬರೀ 3 ಗಂಟೆಗೆ ಇಳಿಸಿದಾಗ ಉಳಿದವರಿಗಿಂತ ಚುರುಕಾಗಿದ್ದರು, ಬೇಗ ಚೇತರಿಸಿಕೊಂಡರು. ಹಾಗಾಗಿ ಶಾಸ್ತ್ರಗಳು ಶುರುವಾಗುವ ಹಿಂದಿನ ವಾರವೇ ಬೇಗ ಮಲಗುವುದು ಲೇಸು. ಕಾಫಿಯ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ. ನೆಂಟರ ಜತೆಗಿನ ಸಂಜೆಯ ಕಾಫಿ ಮಲಗುವ ಹೊತ್ತಿಗೂ ಕೆಲಸ ಮಾಡುತ್ತಲೇ ಇರುತ್ತದೆ.